ಗೊಡ್ಡು ತೊಗರಿ, ಗೋಡೆಯ ಕಿಂಡಿ

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ತೊಗರಿಯವೇ. ಕಲಬುರಗಿಯಲ್ಲಿ ಕುಳಿತು ಸಸ್ಯರೋಗದ ಅಂಕಣ ಬರೆಯುವವಳಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಒಂದೇ ಬಗೆಯ ಪತ್ರಗಳನ್ನು ಒಟ್ಟು ಮಾಡಿ, ಹೆಚ್ಚು ವಿವರ ಬರೆದವರ ಪತ್ರಕ್ಕೆ ಉತ್ತರಿಸಿದ್ದೇನೆ. “ಔಷಧಿಯ ಹೆಸರಷ್ಟೇ ಬರೆಯಿರಿ, ಪುರಾಣ ಬೇಡ” ಎಂದು ಒಬ್ಬರು ತಾಕೀತು ಮಾಡಿದ್ದಾರೆ. ಅವರು ಬೇಕಾದರೆ ನೇರವಾಗಿ ಕೊನೆಯ ಸಾಲಿಗೆ ಹೋಗಬಹುದು. ಅಲ್ಲಿಯೂ ಔಷಧಿಯ ಹೆಸರಿಲ್ಲ.

ಪ್ರಶ್ನೆ: ನನ್ನ ಎಂಟು ಎಕರೆ ತೊಗರಿಯಲ್ಲಿ ಅಲ್ಲಲ್ಲಿ ಗಿಡಗಳು ಪೊದೆ ಕಟ್ಟಿಕೊಂಡು ಹಸಿರಾಗಿ ನಿಂತಿವೆ, ಹೂವೇ ಇಲ್ಲ. ಒಂದು ಗಿಡದಲ್ಲಂತೂ ಒಂದು ಕೊಂಬೆ ಮಾತ್ರ ಹೀಗಾಗಿದ್ದು ಉಳಿದ ಕೊಂಬೆಗಳಲ್ಲಿ ಕಾಯಿ ಹಿಡಿದಿದೆ. ಅಂಗಡಿಯವರು ವೈರಸ್ ಔಷಧಿ ಎಂದು ಒಂದು ಬಾಟಲಿ ಕೊಟ್ಟರು. ಎರಡು ಸಲ ಹೊಡೆದೆ, ಏನೂ ಆಗಲಿಲ್ಲ. ಮೂರನೆಯ ಸಲ ಹೊಡೆಯಲೇ? (ಅಫಜಲಪುರ ತಾಲ್ಲೂಕಿನ ರೈತರು)

ಉತ್ತರ: ಬೇಡ ಅಣ್ಣ. ಆ ದುಡ್ಡು ಉಳಿಸಿಕೊಳ್ಳಿ.

ನಿಮ್ಮ ಹೊಲದಲ್ಲಿರುವುದು ಗೊಡ್ಡು ರೋಗ. ನೆಟೆ ರೋಗದೊಂದಿಗೆ ಇದನ್ನು ಬೆರೆಸಬೇಡಿ. ನೆಟೆಗೆ ಕಾರಣ ಮಣ್ಣಿನಲ್ಲಿರುವ ಶಿಲೀಂಧ್ರ. ಅದು ಬಂದರೆ ಗಿಡ ಬಾಡಿ ಒಣಗುತ್ತದೆ, ಕಾಂಡ ಸೀಳಿದರೆ ಒಳಗೆ ಕಪ್ಪು ಗೆರೆ ಕಾಣುತ್ತದೆ. ಗೊಡ್ಡು ರೋಗದ ಗಿಡ ಸಾಯುವುದಿಲ್ಲ. ಅದರ ಮೋಸ ಇರುವುದೇ ಅಲ್ಲಿ. ಒಳ್ಳೆಯ ಗಿಡಗಳು ಕಾಯಿ ಬಲಿತು ಒಣಗುವ ಹೊತ್ತಿಗೆ ಇದು ಇನ್ನೂ ಹಚ್ಚಗೆ ನಿಂತಿರುತ್ತದೆ. ದೂರದಿಂದ ನೋಡಿದವರು ಅದೇ ಗಟ್ಟಿಮುಟ್ಟಾದ ಗಿಡ ಎಂದುಕೊಂಡು ಮುಂದೆ ಹೋಗುತ್ತಾರೆ. ಹತ್ತಿರ ಹೋಗಿ ಒಂದು ಎಲೆಯನ್ನು ಬಿಸಿಲಿಗೆ ಎತ್ತಿ ಹಿಡಿದು ನೋಡಿ. ಎಲೆ ಸಣ್ಣದಾಗಿರುತ್ತದೆ, ತಿಳಿ ಹಸಿರು ಮತ್ತು ಕಡು ಹಸಿರಿನ ಮಚ್ಚೆಗಳು ಅಂಚಿನವರೆಗೂ ಹರಡಿರುತ್ತವೆ.

ಇದಕ್ಕೆ ಕಾರಣವಾದ ವೈರಸ್ಸನ್ನು ಗಿಡದಿಂದ ಗಿಡಕ್ಕೆ ಒಯ್ಯುವುದು ಒಂದು ನುಸಿ. ಉದ್ದ ಸುಮಾರು 0.2 ಮಿಲಿಮೀಟರ್, ಬಣ್ಣವಿಲ್ಲ, ಬರಿಗಣ್ಣಿಗೆ ಕಾಣುವುದಿಲ್ಲ. ಸೂಕ್ಷ್ಮದರ್ಶಕದ ಕೆಳಗೆ ಎಲೆಯ ಹಿಂಬದಿಯನ್ನು ಇಟ್ಟರೆ ರೋಮಗಳ ನಡುವೆ ಮೆಲ್ಲಗೆ ತೆವಳುವುದು ಕಾಣುತ್ತದೆ. ಬೇರೆ ನುಸಿಗಳಿಗೆ ಎಂಟು ಕಾಲು, ಇದಕ್ಕೆ ನಾಲ್ಕೇ, ಅವೂ ತಲೆಯ ಬಳಿ. ಇಂಥ ಪ್ರಾಣಿ ನಡೆದು ನಿಮ್ಮ ಎಂಟು ಎಕರೆ ಸುತ್ತುವುದಿಲ್ಲ. ಗಾಳಿ ಅದನ್ನು ಹೊತ್ತು ತಂದು ಹಾಕುತ್ತದೆ. ರೋಗವನ್ನು ಮೊದಲು ದಾಖಲಿಸಿದ್ದು 1931ರಲ್ಲಿ, ಬಿಹಾರದ ಪೂಸಾದಲ್ಲಿ. ಒಳಗಿರುವ ವೈರಸ್ಸನ್ನು ಬೇರ್ಪಡಿಸಿ ಗುರುತು ಹಿಡಿಯುವ ಹೊತ್ತಿಗೆ 2000ನೇ ಇಸವಿ ಬಂದಿತ್ತು. ಆ ಕೆಲಸದಲ್ಲಿ ಮುಖ್ಯ ಪಾತ್ರ ಬೀದರಿನಿಂದ ಜಹೀರಾಬಾದ್ ದಾಟಿದರೆ ಸಿಗುವ ಪಟಾಂಚೆರುವಿನ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಯದು. ಒಂದು ಬೆಳೆಯ ಶತ್ರುವಿನ ಮುಖ ನೋಡಲು ಸುಮಾರು ಎಪ್ಪತ್ತು ವರ್ಷ ಹಿಡಿಯಿತು!

ಇನ್ನು ನಿಮ್ಮ ಬಾಟಲಿಯ ವಿಷಯ. ವೈರಸ್ಸಿಗೆ ಸ್ವಂತ ಸಂಸಾರವಿಲ್ಲ. ಅದು ಉಸಿರಾಡುವುದಿಲ್ಲ, ಉಣ್ಣುವುದಿಲ್ಲ. ಗಿಡದ ಜೀವಕೋಶದೊಳಗೆ ಹೊಕ್ಕು, ಆ ಜೀವಕೋಶ ತನಗಾಗಿ ಪ್ರೋಟೀನ್ ತಯಾರಿಸಲು ಇಟ್ಟುಕೊಂಡ ವ್ಯವಸ್ಥೆಯಿಂದಲೇ ತನ್ನ ಪ್ರತಿಗಳನ್ನು ಮಾಡಿಸಿಕೊಳ್ಳುತ್ತದೆ. ಅದನ್ನು ಅಲ್ಲಿಯೇ ಕೊಲ್ಲಲು ಹೊರಟ ರಾಸಾಯನಿಕಕ್ಕೆ ಗಿಡವನ್ನು ಬಿಟ್ಟು ವೈರಸ್ಸನ್ನು ಮಾತ್ರ ಹಿಡಿಯುವುದು ಬಹಳ ಕಷ್ಟ. ಹೊಲದ ಗಿಡದೊಳಗೆ ಸೇರಿದ ವೈರಸ್ಸನ್ನು ಕೊಂದು ಗಿಡವನ್ನು ಉಳಿಸಿಕೊಡುವ ಸಿಂಪರಣೆ ಇಲ್ಲ. ಇಂಥ ಬಾಟಲಿಗಳನ್ನು ಓದುಗರು ನನಗೆ ತಂದು ತೋರಿಸುತ್ತಾರೆ. ಹಿಂಬದಿಯ ಸಣ್ಣ ಅಕ್ಷರ ಓದಿದರೆ ಸತು, ಬೋರಾನ್, ಯಾವುದೋ ಸೊಪ್ಪಿನ ಸಾರ ಎಂದಿರುತ್ತದೆ. ಎಲೆಗೆ ಒಂದಿಷ್ಟು ಹಸಿರು ಬರಬಹುದು. ಗೊಡ್ಡು ಗಿಡಕ್ಕೆ ಹಸಿರಿನ ಕೊರತೆ ಎಂದಾದರೂ ಇತ್ತೇ?

ಒಂದೇ ಕೊಂಬೆ ಗೊಡ್ಡಾಗಿರುವುದನ್ನು ನೀವು ಗಮನಿಸಿ ಬರೆದದ್ದು ಸಂತೋಷವಾಯಿತು. ಬಿತ್ತಿ ಸುಮಾರು 45 ದಿನದೊಳಗೆ ಸೋಂಕು ತಗುಲಿದರೆ ಇಡೀ ಗಿಡವೇ ಗೊಡ್ಡಾಗುತ್ತದೆ. ತಡವಾಗಿ ತಗುಲಿದರೆ ಹೀಗೆ ಭಾಗಶಃ ಆಗುತ್ತದೆ, ಏಕೆಂದರೆ ಕೆಲವು ಕೊಂಬೆಗಳು ಅಷ್ಟರಲ್ಲಿ ಬಲಿತು ಹೂವಿನ ತಯಾರಿ ಮುಗಿಸಿರುತ್ತವೆ. ವೈರಸ್ಸು ಗಿಡದೊಳಗೆ ಯಾವ ದಾರಿಯಲ್ಲಿ ಹೋಗುತ್ತದೆ ಎನ್ನುವುದು ಮುಂದಿನ ಎರಡು ಉತ್ತರಗಳಲ್ಲಿದೆ, ಓದಿ.

ಈಗ ಮಾಡಬಹುದಾದದ್ದು ಇಷ್ಟೇ: ಪೂರ್ತಿ ಗೊಡ್ಡಾದ ಗಿಡಗಳನ್ನು ಕಿತ್ತುಹಾಕಿ, ಅವು ನಿಮಗೆ ಒಂದು ಕಾಳನ್ನೂ ಕೊಡುವುದಿಲ್ಲ. ರಾಶಿ ಮುಗಿದ ಮೇಲೆ ಬದುವಿನ ಮೇಲೆ, ಬಾವಿಯ ಪಕ್ಕ, ಹಿತ್ತಲಲ್ಲಿ ಉಳಿದು ಮತ್ತೆ ಚಿಗುರುವ ತೊಗರಿ ಗಿಡಗಳನ್ನು ಬಿಡಬೇಡಿ. ಬೇಸಿಗೆಯಲ್ಲಿ ನುಸಿಯೂ ವೈರಸ್ಸೂ ಜೀವ ಹಿಡಿದುಕೊಂಡಿರುವುದು ಅಲ್ಲಿಯೇ, ಬೀಜದಲ್ಲಿ ಅಲ್ಲ. ನುಸಿನಾಶಕ ಹೊಡೆಯುವುದಿದ್ದರೆ ಮುಂದಿನ ವರ್ಷ ಬೆಳೆ ಎಳೆಯದಾಗಿದ್ದಾಗ ಹೊಡೆಯಬೇಕು. ಪ್ರಮಾಣವನ್ನು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿಕೊಳ್ಳಿ, ಅಂಗಡಿಯಲ್ಲಿ ಅಲ್ಲ. ತಳಿಯನ್ನು ಆರಿಸುವಾಗ ‘ರೋಗನಿರೋಧಕ’ ಎಂದರೆ ಯಾವ ರೋಗಕ್ಕೆ ಎಂದು ಕೇಳಿ. 1980ರ ದಶಕದಲ್ಲಿ ನಮ್ಮ ಭಾಗಕ್ಕೆ ಬಂದ ಮಾರುತಿ ತಳಿ ನೆಟೆ ರೋಗವನ್ನು ಚೆನ್ನಾಗಿ ತಡೆಯಿತು, ಗೊಡ್ಡು ರೋಗಕ್ಕೆ ಮಾತ್ರ ಸುಲಭವಾಗಿ ಬಲಿಯಾಯಿತು. ಆಶಾ ತಳಿಯನ್ನು ಎರಡಕ್ಕೂ ನಿರೋಧಕ ಎಂದು ಕೊಟ್ಟರು, ಆದರೆ ಪಟಾಂಚೆರುವಿನ ಸೌಮ್ಯ ವೈರಸ್ ಬಗೆಯನ್ನು ತಡೆಯುವ ತಳಿ ಬೆಂಗಳೂರು ಕಡೆಯ ತೀವ್ರ ಬಗೆಯ ಮುಂದೆ ಸೋಲಬಹುದು. ಆದ್ದರಿಂದ ನಮ್ಮ ಜಿಲ್ಲೆಯ ಕೃಷಿ ಸಂಶೋಧನಾ ಕೇಂದ್ರದ ತಾಕಿನಲ್ಲಿ ಯಾವುದು ನಿಂತಿದೆ ಎಂದು ಕಣ್ಣಾರೆ ನೋಡಿ ಬೀಜ ತನ್ನಿ.

ಪ್ರಶ್ನೆ: ನಾನು ಬಿ.ಎಸ್ಸಿ. ಎರಡನೆಯ ವರ್ಷದಲ್ಲಿದ್ದೇನೆ. ಸಸ್ಯಕೋಶಗಳ ಗೋಡೆಯಲ್ಲಿರುವ ಪ್ಲಾಸ್ಮೊಡೆಸ್ಮಾಟಾ ಎಂಬ ಕಿರುದಾರಿಗಳ ಮೂಲಕ ತೀರ ಸಣ್ಣ ಅಣುಗಳು ಮಾತ್ರ ಹೋಗುತ್ತವೆ ಎಂದು ಒಂದು ಪಾಠದಲ್ಲಿದೆ. ವೈರಸ್ ಅದರ ಮೂಲಕವೇ ಹರಡುತ್ತದೆ ಎಂದು ಇನ್ನೊಂದು ಪಾಠದಲ್ಲಿದೆ. ಎರಡೂ ನಿಜವಾಗುವುದು ಹೇಗೆ? (ಬೀದರಿನ ವಿದ್ಯಾರ್ಥಿನಿ)

ಉತ್ತರ: ತಂಗಿ, ಎರಡು ಪಾಠಗಳನ್ನು ಎದುರುಬದುರು ಇಟ್ಟು ಜಗಳ ಹಚ್ಚಿದ್ದೀಯಲ್ಲ, ಬಹಳ ಒಳ್ಳೆಯ ಅಭ್ಯಾಸ. ಎರಡೂ ನಿಜ. ನಡುವೆ ಒಂದು ಕಳ್ಳತನವಿದೆ.

ಹಳೆಯ ಕಲಬುರಗಿಯಲ್ಲಿ ಒಂದೇ ಗೋಡೆಯನ್ನು ಹಂಚಿಕೊಂಡ ಮನೆಗಳಿದ್ದವು, ಆ ಗೋಡೆಯಲ್ಲೊಂದು ಕಿಂಡಿ ಇರುತ್ತಿತ್ತು. ಮಜ್ಜಿಗೆ, ಹೆಪ್ಪು, ಹಿಡಿ ಉಪ್ಪು, ಸುದ್ದಿ ಎಲ್ಲವೂ ಅದರ ಮೂಲಕವೇ ಹೋಗಿಬರುತ್ತಿದ್ದವು. ಮಂಚ ಹೋಗುತ್ತಿರಲಿಲ್ಲ. ಮಂಚ ಹೋಗಲೇಬೇಕೆಂದರೆ ಎರಡೇ ದಾರಿ: ಬಿಚ್ಚಿ ಕಾಲು, ಪಟ್ಟಿ ಬೇರೆ ಮಾಡಿ ಒಂದೊಂದಾಗಿ ದಾಟಿಸಬೇಕು, ಇಲ್ಲವೇ ಕಿಂಡಿಯನ್ನೇ ಒಡೆದು ದೊಡ್ಡದು ಮಾಡಬೇಕು. ಸಸ್ಯ ವೈರಸ್ಸುಗಳಲ್ಲಿ ಎರಡೂ ಬಗೆಯವು ಇವೆ.

ಮೊದಲು ಸಸ್ಯಕೋಶದ ಗೋಡೆಯ ಕಿಂಡಿಯ, ಅಂದರೆ ನಿನ್ನ ಪ್ಲಾಸ್ಮೊಡೆಸ್ಮಾಟಾದ ಅಳತೆ ನೋಡೋಣ. ಇದನ್ನು 1879ರಲ್ಲಿ ಎಡ್ವರ್ಡ್ ಟಾಂಗ್ಲ್ ಎಂಬವರು ಮೊದಲು ಕಂಡರು. ಪ್ಲಾಸ್ಮೊಡೆಸ್ಮಾಟಾ ಎಂಬ ಹೆಸರು ಸ್ಟ್ರಾಸ್‌ಬರ್ಗರ್ ಅವರಿಂದ 1901ರಲ್ಲಿ ಬಂತು. ಹೊರಗಿನ ಅಗಲ ಸುಮಾರು 50 ನ್ಯಾನೋಮೀಟರ್. ಒಂದು ಮಿಲಿಮೀಟರಿನಲ್ಲಿ ಹತ್ತು ಲಕ್ಷ ನ್ಯಾನೋಮೀಟರ್ ಎಂಬುದು ನೆನಪಿರಲಿ. ಅದೂ ಪೂರ್ತಿ ತೆರೆದ ದಾರಿಯಲ್ಲ. ನಡುವೆ ಎರಡೂ ಜೀವಕೋಶಗಳ ಒಳಪೊರೆ ಜಾಲವನ್ನು ಜೋಡಿಸುವ ಒಂದು ನಳಿಕೆ ಹಾದುಹೋಗುತ್ತದೆ. ಅದರ ಸುತ್ತ ಉಳಿಯುವ ಸಂದು ಕೆಲವೇ ನ್ಯಾನೋಮೀಟರ್. ಸಕ್ಕರೆ, ಅಮೈನೋ ಆಮ್ಲ, ಲವಣ ಇವು ಸಲೀಸಾಗಿ ದಾಟುತ್ತವೆ. ತಂಬಾಕಿನ ಮೊಸಾಯಿಕ್ ವೈರಸ್ಸಿನ ಒಂದು ಕಣವೋ 300 ನ್ಯಾನೋಮೀಟರ್ ಉದ್ದ, 18 ನ್ಯಾನೋಮೀಟರ್ ದಪ್ಪದ ಗಡುಸು ಸರಳು. ಅದು ಇದ್ದ ಹಾಗೇ ತೂರುವ ಮಾತೇ ಇಲ್ಲ.

ಆದ್ದರಿಂದ ಅದು ಬಿಚ್ಚಿಕೊಂಡು ಹೋಗುತ್ತದೆ. ಆ ಸರಳಿನಲ್ಲಿ ಹೊರಗೆ ಪ್ರೋಟೀನಿನ ಕವಚ, ಒಳಗೆ ವೈರಸ್ಸಿನ ಮಾಹಿತಿ ಬರೆದಿಟ್ಟ, ಸುಮಾರು 6,400 ಅಕ್ಷರಗಳ ಒಂದು ಆರ್‌ಎನ್‌ಎ ಎಳೆ. ಪಕ್ಕದ ಜೀವಕೋಶಕ್ಕೆ ಕವಚ ಬೇಕಾಗಿಲ್ಲ, ಎಳೆಯೊಂದು ತಲುಪಿದರೆ ಸಾಕು. ಆದರೆ ಬರಿಯ ಎಳೆ ತಾನಾಗಿ ಹೋಗಲಾರದು. ಅದಕ್ಕಾಗಿಯೇ ವೈರಸ್ಸು ತನ್ನ ಅತಿ ಚಿಕ್ಕ ಬಂಡವಾಳದಲ್ಲಿ ಒಂದು ಪ್ರೋಟೀನಿನ ಮಾಹಿತಿಯನ್ನು ಹೊತ್ತು ತಂದಿರುತ್ತದೆ. ಇದೇ ಚಲನ ಪ್ರೋಟೀನ್, ತೂಕ 30 ಕಿಲೋಡಾಲ್ಟನ್ (ಡಾಲ್ಟನ್ ಎಂದರೆ ಅಣುಗಳ ತೂಕದ ಅಳತೆ, ಸಾವಿರ ಡಾಲ್ಟನ್ ಒಂದು ಕಿಲೋಡಾಲ್ಟನ್). ಅದು ಎಳೆಗೆ ಅಂಟಿಕೊಂಡು ಅದನ್ನು ಸಪೂರ ಮಾಡುತ್ತದೆ, ಕಿಂಡಿಯ ಬಾಯಿಗೆ ಒಯ್ಯುತ್ತದೆ, ಕಿಂಡಿಯನ್ನು ಹಿಗ್ಗಿಸುತ್ತದೆ.

ಇದು ತಿಳಿದ ಬಗೆ ನಿನಗೆ ಇಷ್ಟವಾಗುತ್ತದೆ. 1978ರಲ್ಲಿ ಜಪಾನಿನ ವಿಜ್ಞಾನಿಗಳು ತಂಬಾಕು ವೈರಸ್ಸಿನ ಒಂದು ವಿಚಿತ್ರ ಬಗೆಯನ್ನು ವರ್ಣಿಸಿದರು. 22 ಡಿಗ್ರಿ ಉಷ್ಣತೆಯಲ್ಲಿ ಅದು ಎಲೆಯಲ್ಲಿ ಹರಡುತ್ತಿತ್ತು. 32 ಡಿಗ್ರಿಯಲ್ಲಿ ಹೊಕ್ಕ ಜೀವಕೋಶದೊಳಗೆ ಚೆನ್ನಾಗಿಯೇ ವೃದ್ಧಿಯಾಗುತ್ತಿತ್ತು, ಪಕ್ಕದ ಜೀವಕೋಶಕ್ಕೆ ಮಾತ್ರ ದಾಟುತ್ತಿರಲಿಲ್ಲ. (ಕಲಬುರಗಿಯ ಮೇ ತಿಂಗಳಲ್ಲಿ 32 ಡಿಗ್ರಿ ಎಂದರೆ ನಾವು ತಂಪು ಎನ್ನುತ್ತೇವೆ. ಆದರೆ ಆಸೆ ಪಡಬೇಡಿ, ಮಾಮೂಲಿ ವೈರಸ್ಸಿಗೆ ಈ ದೌರ್ಬಲ್ಯವಿಲ್ಲ.) ಅಂದರೆ ಹೆಚ್ಚುವುದು ಬೇರೆ, ಹರಡುವುದು ಬೇರೆ ಎಂದಾಯಿತು. 1987ರಲ್ಲಿ ಅಮೆರಿಕದಲ್ಲಿ ರೋಜರ್ ಬೀಚಿ ಅವರ ತಂಡ ಚಲನ ಪ್ರೋಟೀನಿನ ಜೀನನ್ನು ಮಾತ್ರ ತಂಬಾಕು ಗಿಡಕ್ಕೆ ಸೇರಿಸಿತು. ಆ ಗಿಡದಲ್ಲಿ ಕುಂಟು ವೈರಸ್ಸು ಬೆಚ್ಚಗಿನ ಉಷ್ಣತೆಯಲ್ಲಿಯೂ ದಾಟಿತು. ಎರಡು ವರ್ಷದ ನಂತರ ಅಂಥದೇ ಗಿಡದ ಎಲೆಯ ಜೀವಕೋಶಗಳಿಗೆ ಹೊಳೆಯುವ ಬಣ್ಣ ಕಟ್ಟಿದ ಅಣುಗಳನ್ನು ಚುಚ್ಚಿ ನೋಡಿದರು. ಮಾಮೂಲಿ ಎಲೆಯಲ್ಲಿ ಸುಮಾರು 800 ಡಾಲ್ಟನ್‌ವರೆಗಿನ ಅಣುಗಳು ಮಾತ್ರ ಪಕ್ಕಕ್ಕೆ ಹೋದವು. ಚಲನ ಪ್ರೋಟೀನ್ ಇದ್ದ ಎಲೆಯಲ್ಲಿ 9,400 ಡಾಲ್ಟನ್‌ನವೂ ದಾಟಿದವು. ವೈರಸ್ಸೇ ಇಲ್ಲದ ಗಿಡದಲ್ಲಿ, ಅದರ ಒಂದೇ ಒಂದು ಪ್ರೋಟೀನ್ ಕಿಂಡಿಯ ಮಿತಿಯನ್ನು ಹತ್ತು ಪಟ್ಟಿಗೂ ಮಿಗಿಲಾಗಿ ಏರಿಸಿತ್ತು.

ಕಿಂಡಿ ಒಡೆಯುವ ಬಗೆಗೆ ಅಲಸಂದೆಯ ಮೊಸಾಯಿಕ್ ವೈರಸ್ ಒಳ್ಳೆಯ ಉದಾಹರಣೆ. ಇದು 28 ನ್ಯಾನೋಮೀಟರಿನ ದುಂಡು ಕಣ, ಬಿಚ್ಚಿಕೊಳ್ಳುವುದಿಲ್ಲ. ಇದರ ಚಲನ ಪ್ರೋಟೀನುಗಳು ಒಂದಕ್ಕೊಂದು ಸೇರಿ ಕೊಳವೆ ಕಟ್ಟುತ್ತವೆ. ಕಿಂಡಿಯ ನಡುವಿನ ನಳಿಕೆ ಅಲ್ಲಿಂದ ಮಾಯವಾಗಿ ಈ ಕೊಳವೆ ಕೂರುತ್ತದೆ, ಅದರೊಳಗೆ ವೈರಸ್ ಕಣಗಳು ಸಾಲುಗಟ್ಟಿ ಪಕ್ಕದ ಮನೆಗೆ ಹೋಗುತ್ತವೆ. 1991ರಲ್ಲಿ ನೆದರ್‌ಲ್ಯಾಂಡ್ಸಿನ ಸಂಶೋಧಕರು ಗೋಡೆ ಕಳಚಿದ ಒಂಟಿ ಜೀವಕೋಶಗಳಲ್ಲಿ ಇದನ್ನು ನೋಡಿದರು. ಪಕ್ಕದಲ್ಲಿ ಮನೆಯಿಲ್ಲ, ನಡುವೆ ಗೋಡೆಯಿಲ್ಲ, ಕಿಂಡಿಯೂ ಇಲ್ಲ. ಆದರೂ ಸೋಂಕಿತ ಜೀವಕೋಶದ ಮೈಯಿಂದ ಕಣ ತುಂಬಿದ ಕೊಳವೆಗಳು ಹೊರಕ್ಕೆ ಚಾಚಿಕೊಂಡಿದ್ದವು. ನನ್ನ ಮಟ್ಟಿಗೆ ಸಸ್ಯ ವೈರಸ್ಸುಗಳ ಇಡೀ ಸಾಹಿತ್ಯದಲ್ಲಿ ಇದಕ್ಕಿಂತ ಸೊಗಸಾದ ಚಿತ್ರವಿಲ್ಲ.

ನಿಮ್ಮ ಭಾಲ್ಕಿ, ಔರಾದ್ ಕಡೆ ಉದ್ದು, ಹೆಸರುಗಳನ್ನು ಹಳದಿ ಮಾಡುವ ವೈರಸ್ಸಿನ ಕಥೆ ಇನ್ನೂ ತೊಡಕಿನದು. ಅದರದು ಡಿಎನ್‌ಎ, ಅದೂ ಎರಡು ಉಂಗುರಗಳಾಗಿ ಬೇರೆ ಬೇರೆ ಕಣಗಳಲ್ಲಿ ಇರುತ್ತದೆ. ಪ್ರತಿ ಮಾಡುವ ಕೆಲಸದ ಮಾಹಿತಿ ಒಂದರಲ್ಲಿ, ದಾಟಿಸುವ ಕೆಲಸದ್ದು ಇನ್ನೊಂದರಲ್ಲಿ. ಪ್ರತಿಗಳು ತಯಾರಾಗುವುದು ಜೀವಕೋಶದ ಕೇಂದ್ರದೊಳಗೆ. ಹಾಗಾಗಿ ಒಂದು ಪ್ರೋಟೀನ್ ಕೇಂದ್ರದಿಂದ ಹೊರಗೆ ತಂದುಕೊಡುತ್ತದೆ, ಇನ್ನೊಂದು ಗೋಡೆ ದಾಟಿಸುತ್ತದೆ. ಬಿಳಿ ನೊಣ ಎರಡೂ ಬಗೆಯ ಕಣಗಳನ್ನು ತಂದು ಬಿಟ್ಟರೆ ಮಾತ್ರ ರೋಗ ಪೂರ್ತಿಯಾಗಿ ಏಳುತ್ತದೆ. ಮೇಲಿನ ಉತ್ತರದ ತೊಗರಿ ವೈರಸ್ಸು ಎಮಾರಾವೈರಸ್ ಎಂಬ ಕುಲಕ್ಕೆ ಸೇರಿದ್ದು. ಅದೇ ಕುಲದ ಅಂಜೂರದ ವೈರಸ್ಸಿನಲ್ಲಿ ಪಿ4 ಎಂಬ ಪ್ರೋಟೀನ್ ಗೋಡೆ ದಾಟಿಸುವ ಕೆಲಸ ಮಾಡುತ್ತದೆ ಎಂದು 2013ರಲ್ಲಿ ತೋರಿಸಿದ್ದಾರೆ.

ಗಿಡ ಇದನ್ನೆಲ್ಲ ಸುಮ್ಮನೆ ನೋಡುತ್ತಾ ಕೂರುತ್ತದೆಯೇ ಎಂದು ನೀನು ಮುಂದೆ ಕೇಳುತ್ತೀಯ. ಇಲ್ಲ. ಕಿಂಡಿಯ ಕುತ್ತಿಗೆಯಲ್ಲಿ ಕ್ಯಾಲೋಸ್ ಎಂಬ ವಸ್ತುವನ್ನು ತುಂಬಿ ದಾರಿಯನ್ನು ಬಿಗಿ ಮಾಡುತ್ತದೆ. ನಿಮ್ಮ ಕಾಲೇಜಿನಲ್ಲಿ ಪ್ರತಿದೀಪ್ತಿ ಸೂಕ್ಷ್ಮದರ್ಶಕ ಇದ್ದರೆ ಎಲೆಯ ತುಣುಕಿಗೆ ಅನಿಲೀನ್ ಬ್ಲೂ ಎಂಬ ಬಣ್ಣ ಹಾಕಿ ನೋಡು. ಕತ್ತಲ ಹಿನ್ನೆಲೆಯಲ್ಲಿ ಗೋಡೆಗಳ ಗುಂಟ ಬೆಳಗುವ ಚುಕ್ಕೆಗಳು ಸಾಲಾಗಿ ಕಾಣುತ್ತವೆ. ಒಂದೊಂದು ಚುಕ್ಕೆಯೂ ಕ್ಯಾಲೋಸ್ ಕೂಡಿಕೊಂಡ ಕಿಂಡಿಗಳ ಜಾಗ. ತುಣುಕನ್ನು ಕತ್ತರಿಸಿದ ಪೆಟ್ಟಿಗೇ ಗಿಡ ಹೊಸ ಕ್ಯಾಲೋಸ್ ಸುರಿಯುತ್ತದೆ, ಆದ್ದರಿಂದ ತಡ ಮಾಡದೆ ನೋಡಬೇಕು. ನನ್ನ ವಿದ್ಯಾರ್ಥಿಗಳು ಚಹಾ ಕುಡಿದು ಬಂದು ನೋಡಿ “ಮೇಡಂ, ಎಲ್ಲ ಕಡೆ ಬೆಳಗುತ್ತಿದೆ” ಎನ್ನುತ್ತಿದ್ದರು. ಈ ಕ್ಯಾಲೋಸನ್ನು ಕರಗಿಸುವ ಕಿಣ್ವವೂ ಗಿಡದಲ್ಲಿಯೇ ಇದೆ. ಅದನ್ನು ತಗ್ಗಿಸಿದ ತಂಬಾಕು ಗಿಡಗಳಲ್ಲಿ ವೈರಸ್ಸಿನ ಹರಡಿಕೆ ನಿಧಾನವಾಯಿತು.

ಕೊನೆಯದಾಗಿ, ಕಳ್ಳತನ ಎಂದೆನಲ್ಲ, ಅದು ಇದು. ಗಿಡದ ಕೆಲವು ಸ್ವಂತ ಪ್ರೋಟೀನುಗಳೂ ಹೀಗೆಯೇ ಕಿಂಡಿ ಹಿಗ್ಗಿಸಿ ಪಕ್ಕದ ಜೀವಕೋಶಕ್ಕೆ ಹೋಗಿ, ಎಲ್ಲಿ ಎಲೆ ಬರಬೇಕು, ಎಲ್ಲಿ ಕಾಂಡ ಬೆಳೆಯಬೇಕು ಎಂಬ ಸಂದೇಶ ಮುಟ್ಟಿಸುತ್ತವೆ. ಮೆಕ್ಕೆಜೋಳದ ನಾಟೆಡ್-1 ಎಂಬ ಪ್ರೋಟೀನ್ ಹೀಗೆ ದಾಟುತ್ತದೆಂದು 1995ರಲ್ಲಿ ತೋರಿಸಲಾಯಿತು. ವೈರಸ್ಸು ಹೊಸ ದಾರಿ ಹುಡುಕಲಿಲ್ಲ. ಮನೆಯವರ ಬೀಗದ ಕೈಯ ನಕಲು ಮಾಡಿಸಿಕೊಂಡಿತು. ಪರೀಕ್ಷೆಯಲ್ಲಿ ಇಷ್ಟೆಲ್ಲ ಬರೆಯಬೇಡ, ಐದು ಅಂಕದ ಪ್ರಶ್ನೆಗೆ ಸಮಯ ಸಾಲುವುದಿಲ್ಲ.

ಪ್ರಶ್ನೆ: ಮೆಣಸಿನ ಗಿಡದ ತುದಿ ಎಲೆ ಮುದುಡಿದೆ. ಮುಟುರು ರೋಗ, ಗಿಡ ಕೀಳಿ ಎನ್ನುತ್ತಾರೆ. ಮುದುಡಿದ ಕೊಂಬೆಯನ್ನು ಮಾತ್ರ ಕತ್ತರಿಸಿದರೆ ಸಾಲದೇ? ಒಂದೊಂದು ಸಸಿಗೂ ದುಡ್ಡು ಕೊಟ್ಟಿದ್ದೇನೆ. (ಶಹಾಪುರ ತಾಲ್ಲೂಕು, ಯಾದಗಿರಿ ಜಿಲ್ಲೆ)

ಉತ್ತರ: ಮೊದಲು ಅದು ವೈರಸ್ಸೇ ಹೌದೇ ನೋಡಿ. ಎಲೆಯ ಅಂಚು ಮೇಲಕ್ಕೆ ದೋಣಿಯಾಗಿ ಮಡಿಸಿ, ಕೆಳಗೆ ಬೆಳ್ಳಿ ಬಣ್ಣ ಇಲ್ಲವೇ ಕಂದು ಗೀರು ಇದ್ದರೆ ಥ್ರಿಪ್ಸ್ ಎಂಬ ಸಣ್ಣ ಕೀಟ. ಎಲೆ ಕೆಳಕ್ಕೆ ಮಡಿಸಿ ತೊಟ್ಟು ಉದ್ದವಾಗಿದ್ದರೆ ಹಳದಿ ಮೈಟ್ ನುಸಿ. ಈ ಎರಡರಲ್ಲಿ ಗಿಡ ಕೀಳಬೇಕಾಗಿಲ್ಲ, ಕೀಟ ಹತೋಟಿಗೆ ಬಂದರೆ ಹೊಸ ಚಿಗುರು ಸರಿಯಾಗಿ ಬರುತ್ತದೆ. ಎಲೆ ತೀರ ಸಣ್ಣದಾಗಿ, ನರ ದಪ್ಪವಾಗಿ, ಗಿಡ ಕುಳ್ಳಾಗಿ, ಹೊಸ ಚಿಗುರೂ ಮುದುಡಿಯೇ ಬರುತ್ತಿದ್ದರೆ ವೈರಸ್. ಅದನ್ನು ತರುವುದು ಬಿಳಿ ನೊಣ.

ವೈರಸ್ ಆಗಿದ್ದರೆ ಕತ್ತರಿ ಕೆಲಸ ಮಾಡುವುದಿಲ್ಲ. ಕಾರಣವನ್ನು 1934ರಲ್ಲಿ ಜೆಫ್ರಿ ಸ್ಯಾಮ್ಯುಯೆಲ್ ಎಂಬ ವಿಜ್ಞಾನಿ ಟೊಮೆಟೊ ಗಿಡದಲ್ಲಿ ತೋರಿಸಿದರು. ಒಂದೇ ಒಂದು ಕಿರುಎಲೆಗೆ ತಂಬಾಕಿನ ಮೊಸಾಯಿಕ್ ವೈರಸ್ಸನ್ನು ಉಜ್ಜಿ, ಹೀಗೆ ಉಜ್ಜಿದ ಹಲವು ಗಿಡಗಳನ್ನು ಬೇರೆ ಬೇರೆ ದಿನಗಳಲ್ಲಿ ಚೂರು ಚೂರು ಮಾಡಿ, ಯಾವ ಚೂರಿನಲ್ಲಿ ವೈರಸ್ ಇದೆ ಎಂದು ಪರೀಕ್ಷಿಸಿದರು. ಮೊದಲ ಮೂರು ದಿನ ಅದು ಉಜ್ಜಿದ ಎಲೆಯನ್ನು ಬಿಟ್ಟು ಕದಲಲಿಲ್ಲ. ಜೀವಕೋಶದಿಂದ ಜೀವಕೋಶಕ್ಕೆ ಕಿಂಡಿ ದಾಟಿ ಹೋಗುವ ಕೆಲಸ ಅಷ್ಟು ನಿಧಾನ, ದಿನಕ್ಕೆ ಸುಮಾರು ಒಂದು ಮಿಲಿಮೀಟರ್, ಅಂದರೆ ಎಂಟು ಹತ್ತು ಜೀವಕೋಶ. ಆಮೇಲೆ ಎಲೆಯ ನರದಲ್ಲಿರುವ ಫ್ಲೋಯಮ್, ಅಂದರೆ ಸಕ್ಕರೆ ಸಾಗಿಸುವ ನಾಳ ಸಿಕ್ಕಿತು. ಅಲ್ಲಿಂದ ಗಂಟೆಗಳ ಲೆಕ್ಕ. ಮೊದಲು ಕೆಳಗೆ ಬೇರಿಗೆ ಇಳಿಯಿತು, ಹಿಂದೆಯೇ ತುದಿಯ ಎಳೆ ಎಲೆಗಳಿಗೆ ಏರಿತು. ನಡುವಿನ ಬಲಿತ ಎಲೆಗಳು ಬಹಳ ದಿನ ಶುದ್ಧವಾಗಿಯೇ ಉಳಿದವು. ಬೇರಿಗೂ ಚಿಗುರಿಗೂ ಸಕ್ಕರೆ ಬೇಕು, ಬಲಿತ ಎಲೆ ತಾನೇ ಸಕ್ಕರೆ ಮಾಡಿ ಹೊರಗೆ ಕಳಿಸುತ್ತದೆ. ವೈರಸ್ಸು ಸಕ್ಕರೆ ಹೋಗುವ ಕಡೆಗೆ ಹೋಯಿತು, ಅಷ್ಟೇ.

ನಿಮ್ಮ ಮೆಣಸಿನಲ್ಲಿ ಮೊದಲಿನ ನಿಧಾನವೂ ಇಲ್ಲ, ಏಕೆಂದರೆ ಬಿಳಿ ನೊಣ ಸೊಂಡಿಲನ್ನು ನೇರವಾಗಿ ಫ್ಲೋಯಮ್‌ಗೇ ಇಳಿಸುತ್ತದೆ. ತುದಿ ಮುದುಡಿದ್ದು ನಿಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಬೇರು ಮುಟ್ಟಿ ಬಹಳ ಕಾಲವಾಗಿರುತ್ತದೆ. ನಾಟಿ ಮಾಡಿದ ಮೊದಲ ವಾರಗಳಲ್ಲಿ ಒಂದೆರಡು ಗಿಡದಲ್ಲಿ ಕಂಡರೆ ಅವನ್ನು ಕಿತ್ತು ಹೊಲದಿಂದ ಹೊರಗೆ ಒಯ್ಯಿರಿ. ಅರ್ಧ ಹೊಲಕ್ಕೆ ಬಂದ ಮೇಲೆ ಕೀಳುವುದರಲ್ಲಿ ಅರ್ಥವಿಲ್ಲ, ಸಿಕ್ಕಷ್ಟು ಕಾಯಿ ಬಿಡಿಸಿಕೊಳ್ಳಿ. ಮುಂದಿನ ಸಲ ಸಸಿ ಮಡಿಗೆ ನೊಣ ನುಸುಳದ ಸಣ್ಣ ಕಣ್ಣಿನ ಬಲೆ ಹಾಕಿದ ನರ್ಸರಿಯಿಂದಲೇ ಸಸಿ ತನ್ನಿ. ದುಡ್ಡು ಸ್ವಲ್ಪ ಹೆಚ್ಚು ಬೀಳುತ್ತದೆ, ಅದನ್ನು ಕೊಡಿ.

ಪ್ರಶ್ನೆ: ಟೊಮೆಟೊ ಸಸಿಗೆ ಹಾಲು ಸಿಂಪಡಿಸಿದರೆ ವೈರಸ್ ಹೋಗುತ್ತದೆ ಎನ್ನುವುದು ನಿಜವೇ? (ಹುಮನಾಬಾದ್)

ಉತ್ತರ: ಕಾಲು ಭಾಗ ನಿಜ. ತಂಬಾಕಿನ ಮೊಸಾಯಿಕ್ ವೈರಸ್ಸು ಕೈಯಿಂದ, ಕುಡುಗೋಲಿನಿಂದ, ಬಟ್ಟೆಯಿಂದ ಹರಡುತ್ತದೆ. ಸಸಿ ಮುಟ್ಟುವ ಕೈಯನ್ನು ಕೆನೆ ತೆಗೆದ ಹಾಲಿನಲ್ಲಿ ಅದ್ದಿಕೊಂಡರೆ ಹಾಲಿನ ಪ್ರೋಟೀನ್ ಆ ಹರಡಿಕೆಯನ್ನು ತಡೆಯುತ್ತದೆ, ನರ್ಸರಿಗಳಲ್ಲಿ ಇದು ಹಳೆಯ ರೂಢಿ. ಗಿಡದೊಳಗೆ ಕಿಂಡಿ ದಾಟುತ್ತಿರುವ ವೈರಸ್ಸಿಗೆ ಹಾಲು ತಲುಪುವುದೇ ಇಲ್ಲ. ಬಿಳಿ ನೊಣ ತರುವ ವೈರಸ್ಸಿಗೂ ಇದರಿಂದ ಏನೂ ಆಗುವುದಿಲ್ಲ. ಹಾಲಿಗಿಂತ ಮೊದಲು ಸಸಿ ನಾಟಿ ಮಾಡುವವರ ಬೀಡಿ, ಗುಟಕಾ ನಿಲ್ಲಿಸಿ. ತಂಬಾಕು ಮುಟ್ಟಿದ ಕೈಯಲ್ಲಿ ಈ ವೈರಸ್ ಇರಬಹುದು, ಒಣ ತಂಬಾಕಿನಲ್ಲಿ ಅದು ವರ್ಷಗಟ್ಟಲೆ ಉಳಿಯುತ್ತದೆ. ಸೋಪು ಹಚ್ಚಿ ತೊಳೆದುಕೊಂಡು ಹೊಲಕ್ಕೆ ಇಳಿಯಲಿ.

ಪ್ರಶ್ನೆ: ಎಳ್ಳು ಅಮಾವಾಸ್ಯೆಗೆ ಹೊಲದಿಂದ ತಂದ ಹಸಿ ತೊಗರಿ ಕಾಳು ಭಜ್ಜಿಗೆ ಹಾಕುತ್ತೇವೆ. ರೋಗದ ಹೊಲದ ಕಾಳು ತಿಂದರೆ ಮಕ್ಕಳಿಗೆ ವೈರಸ್ ಬರುತ್ತದೆಯೇ? (ಕಲಬುರಗಿಯ ಗೃಹಿಣಿ)

ಉತ್ತರ: ಬರುವುದಿಲ್ಲ ಅವ್ವ, ನಿಶ್ಚಿಂತೆಯಿಂದ ಭಜ್ಜಿ ಮಾಡಿ. ಪೂರ್ತಿ ಗೊಡ್ಡಾದ ಗಿಡ ಹೇಗೂ ನಿಮಗೆ ಕಾಳು ಕೊಡುವುದಿಲ್ಲ. ಉಳಿದ ಗಿಡದ ಕಾಳಿಗೆ ದೋಷವಿಲ್ಲ. ಸಸ್ಯ ವೈರಸ್ಸುಗಳ ಹತಾರಗಳೆಲ್ಲ ಸಸ್ಯಕೋಶಕ್ಕೆ ಹೊಂದಿಕೊಂಡವು. ನಮ್ಮ ಜೀವಕೋಶಕ್ಕೆ ಆ ಬಗೆಯ ಗೋಡೆಯೂ ಇಲ್ಲ, ಕಿಂಡಿಯೂ ಇಲ್ಲ. ನಾವು ದಿನವೂ ಇವನ್ನು ತಿನ್ನುತ್ತಲೇ ಇದ್ದೇವೆ. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆರೋಗ್ಯವಂತರ ಮಲದಲ್ಲಿ ಅತಿ ಹೇರಳವಾಗಿ ಸಿಕ್ಕ ಆರ್‌ಎನ್‌ಎ ವೈರಸ್ಸು ಮೆಣಸಿನ ಗಿಡದ್ದು. ಖಾರದ ಪುಡಿಯಲ್ಲಿ, ಚಟ್ನಿಯಲ್ಲಿ ಅದು ಹೊಟ್ಟೆ ಸೇರುತ್ತದೆ. ಈಗ ನದಿ ನೀರಿಗೆ ಚರಂಡಿ ಸೇರಿದೆಯೇ ಎಂದು ತಿಳಿಯಲು ಹಲವು ದೇಶಗಳಲ್ಲಿ ಆ ವೈರಸ್ಸನ್ನೇ ಹುಡುಕುತ್ತಾರೆ.

ಪ್ರಶ್ನೆ: ನಮ್ಮದು ಕೆಂಪು ಬಾಳೆ. ಗುಚ್ಛ ತಲೆ ರೋಗ ಬಂದ ಗಿಡದ ಮರಿ ನೆಡಬಾರದು, ಅಂಗಾಂಶ ಕೃಷಿಯ ಸಸಿ ತನ್ನಿ ಎನ್ನುತ್ತಾರೆ. ಅದೂ ಬಾಳೆಯಿಂದಲೇ ಮಾಡಿದ ಸಸಿಯಲ್ಲವೇ, ಅದರಲ್ಲಿ ವೈರಸ್ ಹೇಗೆ ಇರುವುದಿಲ್ಲ? (ಕಮಲಾಪುರ)

ಉತ್ತರ: ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಅದನ್ನು ಉಳಿಸಿಕೊಳ್ಳುವ ಚಿಂತೆಯಲ್ಲಿ ನೀವು ಕೇಳಿದ ಪ್ರಶ್ನೆ ಸರಿಯಾಗಿದೆ. ಗಿಡದ ಬೆಳೆಯುವ ತುದಿಯಲ್ಲಿ ಗುಂಡುಸೂಜಿಯ ತಲೆಗಿಂತ ಚಿಕ್ಕದಾದ ಒಂದು ಗುಪ್ಪೆ ಇದೆ. ಎಲ್ಲ ಎಲೆಗಳೂ ಹುಟ್ಟುವುದು ಅಲ್ಲಿಂದ. ಇಡೀ ಗಿಡ ನಂಜಾಗಿದ್ದರೂ ಹಲವು ವೈರಸ್ಸುಗಳು ಆ ತುದಿಯನ್ನು ಹೊಗುವುದಿಲ್ಲ. ಫ್ಲೋಯಮ್ ನಾಳ ಅಲ್ಲಿಯವರೆಗೆ ಇನ್ನೂ ಕಟ್ಟಿಕೊಂಡಿರುವುದಿಲ್ಲ ಎನ್ನುವುದು ಒಂದು ಕಾರಣ. ಗಿಡ ವೈರಸ್ಸಿನ ಆರ್‌ಎನ್‌ಎಯನ್ನು ಗುರುತಿಸಿ ಕತ್ತರಿಸುವ ಕಾವಲನ್ನು ಅಲ್ಲಿ ಬಿಗಿಯಾಗಿ ಇಟ್ಟಿರುವುದು ಇನ್ನೊಂದು. ಅರಬಿಡಾಪ್ಸಿಸ್ ಎಂಬ ಪ್ರಯೋಗಶಾಲೆಯ ಗಿಡದಲ್ಲಿ, ತುದಿಯ ಮೂಲಕೋಶಗಳನ್ನು ಕಾಯುವ ವುಷೆಲ್ ಎಂಬ ಪ್ರೋಟೀನೇ ಸೌತೆಯ ಮೊಸಾಯಿಕ್ ವೈರಸ್ಸಿನ ಪ್ರೋಟೀನ್ ತಯಾರಿಕೆಯನ್ನು ತಡೆಯುತ್ತದೆ ಎಂದು 2020ರಲ್ಲಿ ತಿಳಿಯಿತು. ಫ್ರಾನ್ಸಿನ ಮೊರೆಲ್ ಮತ್ತು ಮಾರ್ಟಿನ್ ಇದರ ಲಾಭ ಪಡೆದದ್ದು ಬಹಳ ಮೊದಲು, 1952ರಲ್ಲಿ. ರೋಗ ಬಂದ ಡೇಲಿಯಾ ಗಿಡದ ತುದಿಯನ್ನಷ್ಟೇ ಕೊಯ್ದು ಬೆಳೆಸಿ ವೈರಸ್ ಇಲ್ಲದ ಡೇಲಿಯಾ ಪಡೆದರು.

ಹಾಗೆಂದು ಗಾಜಿನ ಸೀಸೆಯಲ್ಲಿ ಬೆಳೆದದ್ದೆಲ್ಲ ಶುದ್ಧ ಎಂದು ನಂಬಬೇಡಿ. ತುದಿಯ ಜೊತೆಗೆ ಕೆಳಗಿನ ಚೂರೂ ಬಂದಿದ್ದರೆ, ತಾಯಿ ಗಿಡವನ್ನು ಪರೀಕ್ಷಿಸದೇ ಇದ್ದರೆ, ಒಂದು ರೋಗದ ಗಿಡದಿಂದ ಸಾವಿರಾರು ರೋಗದ ಸಸಿಗಳು ತಯಾರಾಗುತ್ತವೆ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2006ರಿಂದ ಅಂಗಾಂಶ ಕೃಷಿಯ ಸಸಿಗಳಿಗೆ ಪ್ರಮಾಣೀಕರಣ ವ್ಯವಸ್ಥೆ ನಡೆಸುತ್ತಿದೆ. ಸಸಿ ಕೊಳ್ಳುವಾಗ ಆ ವೈರಸ್ ಪರೀಕ್ಷೆಯ ಪ್ರಮಾಣಪತ್ರವನ್ನು ಕೇಳಿ, ನಾಳೆ ಕಳಿಸುತ್ತೇವೆ ಎಂದರೆ ಸಸಿಯನ್ನೂ ನಾಳೆಯೇ ತರುತ್ತೇನೆ ಎನ್ನಿ.

ಈಗ ತೋಟದಲ್ಲಿರುವ ಗಿಡಗಳ ಎಲೆ ತೊಟ್ಟನ್ನು ಬೆಳಕಿಗೆ ಹಿಡಿದು ನೋಡಿ. ಕಡು ಹಸಿರಿನ ಚುಕ್ಕೆ, ಗೆರೆ, ಚುಕ್ಕೆ, ಗೆರೆ ಎಂದು ಮುರಿದು ಮುರಿದು ಸಾಗಿದ ಗುರುತು ಕಂಡರೆ, ತಲೆ ಗುಚ್ಛವಾಗುವ ಮೊದಲೇ ರೋಗ ಗೊತ್ತಾದ ಹಾಗೆ. ಇದನ್ನು ತರುವುದು ಬಾಳೆಯ ಹೇನು. ಗಿಡವನ್ನು ಅಲುಗಿಸಿದರೆ ಹೇನು ಪಕ್ಕದ ಗಿಡಕ್ಕೆ ಹೋಗುತ್ತದೆ, ಆದ್ದರಿಂದ ಮೊದಲು ಹೇನು ಸಾಯುವ ಹಾಗೆ ಸಿಂಪರಣೆ ಮಾಡಿ ಆಮೇಲೆ ಗಿಡ ತೆಗೆಯಿರಿ. ಗಡ್ಡೆ ಮಣ್ಣಿನಲ್ಲಿ ಉಳಿದರೆ ಅದೇ ನಂಜು ಹೊತ್ತ ಮರಿ ಮತ್ತೆ ಏಳುತ್ತದೆ, ಗಡ್ಡೆಯನ್ನೂ ಪೂರ್ತಿ ಅಗೆದು ತೆಗೆದು ಚೂರು ಮಾಡಿ ಒಣಗಿಸಿ.